ಶ್ರವಣ ಸಾಧನವನ್ನು ಅವರೇ ಹೊಂದಿಸಿಕೊಂಡರು

ಬಳಸುವವರೇ ಮೊಬೈಲ್‌ನಲ್ಲಿ ಹೊಂದಿಸಿಕೊಳ್ಳುವ ಶ್ರವಣ ಸಾಧನ ಕೊಡಗಿನಲ್ಲಿ, ಅದೂ ಅರುವತ್ತು ದಾಟಿದ ಬೆಳೆಗಾರರ ಕೈಯಲ್ಲಿ ನಡೆಯುವ ಮಾತೇ ಅಲ್ಲ ಎಂದು ಶ್ರವಣ ಸಾಧನ ಹೊಂದಿಸಿಕೊಡುವ ನನ್ನ ಸಹೋದ್ಯೋಗಿಗಳು ಖಡಾಖಂಡಿತವಾಗಿ ಹೇಳಿದ್ದರು. ನಡೆಯಿತು. ವಿರಾಜಪೇಟೆ, ಗೋಣಿಕೊಪ್ಪಲು ಸುತ್ತಿನ ಸುಮಾರು ಇಪ್ಪತ್ತು ಮಂದಿಯಲ್ಲಿ ಮುಕ್ಕಾಲು ಪಾಲು ಜನ ಇಂದಿಗೂ ದಿನವಿಡೀ ತೊಡುತ್ತಾರೆ. ನಾವು ಹೊಂದಿಸಿಕೊಟ್ಟ ಸಾಧನಗಳೆಷ್ಟು ಮೇಜಿನ ಖಾನೆ ಸೇರಿವೆ ಎಂಬುದು ನಮಗೆಲ್ಲ ಗೊತ್ತೇ ಇದೆ.

ಆರಿಸಿಕೊಂಡವರೆಲ್ಲ 26ರಿಂದ 40 ಡೆಸಿಬೆಲ್ ಒಳಗಿನವರು, ಅಂದರೆ ಕಿವಿ ತುಸು ಮಾತ್ರ ಮಂದವಾದವರು. ತಲೆಸುತ್ತು ಇದ್ದವರನ್ನು, ಒಂದು ಕಿವಿ ತೀರ ಮಂದವಾದವರನ್ನು ನೇರ ಇಎನ್‌ಟಿ ವೈದ್ಯರ ಬಳಿಗೆ ಕಳುಹಿಸಿದೆ. ಇಲ್ಲಿ ಕೋವಿ ಹಿಡಿದ ಕೈಗಳು ಹೆಚ್ಚು. ಬಲಗೈಯವರಿಗೆ ಗುಂಡು ಹೊಡೆಯುವಾಗ ಎಡಗಿವಿ ನಳಿಗೆಯತ್ತ ಇರುತ್ತದೆ. ಹಾಗಾಗಿ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಸ್‌ನ ಕೀಚು ಸ್ವರದ ಬಳಿ ಎಡಕ್ಕೆ ತುಸು ಹೆಚ್ಚಿನ ಕುಳಿ, ಅಂದರೆ ಕೇಳುವಿಕೆಯ ಇಳಿತ, ಕಾಣುತ್ತದೆ. ಎರಡೂ ಕಿವಿಗೆ ಒಂದೇ ಹೊಂದಿಕೆ ಕೊಡುವ ಅಗ್ಗದ ಸಾಧನ ಇಲ್ಲಿ ನೆಲ ಕಚ್ಚಿತು. ಅದಕ್ಕೆ ಸುರಿದ ಮೂವತ್ತು ಸಾವಿರದಷ್ಟು ಹಣ ಹೋದದ್ದೇ.

ಇನ್ನೊಂದು ಸೋಲು ಮಳೆಯದು. ತಗಡಿನ ಮಾಡಿನ ಕೆಳಗೆ ಕುಳಿತು ಆ್ಯಪ್‌ನ ಶ್ರವಣ ಪರೀಕ್ಷೆ ಮಾಡಿಕೊಂಡರೆ 500 ಹರ್ಟ್ಸ್‌ನ ತಗ್ಗು ಸ್ವರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕಿವಿಗೇ ಕೇಳುತ್ತಿಲ್ಲವೆಂದು ಆ್ಯಪ್ ಅಲ್ಲಿ ದನಿ ಏರಿಸುತ್ತದೆ. ಅದರ ಮೇಲೆ ಕಿವಿರಂಧ್ರಕ್ಕೆ ಬಿರಡೆಯಂತೆ ಕೂರುವ ಮುಚ್ಚಿದ ಡೋಮ್ (ಸಾಧನದ ಮೆತ್ತನೆಯ ತುದಿ)! 'ನನ್ನ ಮಾತು ಡ್ರಮ್ಮಿನೊಳಗಿಂದ ಬಂದಂತಿದೆ' ಎಂದು ಪೊನ್ನಂಪೇಟೆಯ ಹಿರಿಯರೊಬ್ಬರು ಜೋಡಿಯನ್ನೇ ಹಿಂದಿರುಗಿಸಿದರು. ಕೊನೆಗೆ ಮಳೆ ಬಿಟ್ಟ ಮುಂಜಾನೆ, ಅವರದೇ ಗೋದಾಮಿನಲ್ಲಿ ಕಾಫಿ ಚೆರಿ ಮೂಟೆಗಳ ನಡುವೆ ಕೂರಿಸಿ ಮತ್ತೆ ಪರೀಕ್ಷೆ ಮಾಡಿಸಿದೆ. ಮೂಟೆಗಳು ಪ್ರತಿಧ್ವನಿಯನ್ನು ನುಂಗುತ್ತವೆ. ತೆರೆದ ಡೋಮ್ ಹಾಕಿಸಿ, ಮೊಮ್ಮಗಳಿಂದ 'ಸಾಲು, ಹಾಲು, ಕಾಲು, ಪಾಲು' ಎಂದು ಬಾಯಿ ಮರೆಮಾಡಿ ಹೇಳಿಸಿದೆ. ಒಂದೂ ತಪ್ಪಲಿಲ್ಲ.

ಬಳಿಕ ಸಂಶಯಪಟ್ಟ ಸಹೋದ್ಯೋಗಿಗಳ ಎದುರೇ ಬೆಳೆಗಾರರು ತಾವೇ ಮಾಡಿಕೊಂಡ ಹೊಂದಿಕೆಯನ್ನೂ ನನ್ನ ಹೊಂದಿಕೆಯನ್ನೂ ಒಂದೇ ಮಾದರಿಯ ಎರಡು ಜೋಡಿಗಳಿಗೆ ತುಂಬಿ, ಯಾವುದು ಯಾರದೆಂದು ಹೇಳದೆ ಬೆಳೆಗಾರರಿಗೆ ತೊಡಿಸಿದೆ. ಹೆಚ್ಚಿನವರು ತಮ್ಮದನ್ನೇ ಆರಿಸಿದರು, ಉಳಿದವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಹದಿನೈದು ವರ್ಷ ಇದೇ ಕೆಲಸ ಮಾಡಿದ ನನಗೆ ಆ ಫಲಿತಾಂಶ ಹೆಮ್ಮೆಯದು. ಆ್ಯಪ್‌ನಲ್ಲಿ ದನಿ ಹೊಂದಿಸುವ ಸ್ಲೈಡರ್‌ಗಳನ್ನು ಯಾವ ಕ್ರಮದಲ್ಲಿ ಮುಟ್ಟಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಅನ್ನ ಅದರಲ್ಲಿದೆ.

ತೇವ ಹೀರಲೆಂದು ಸಾಧನವನ್ನು ಅಕ್ಕಿ ಡಬ್ಬಿಯಲ್ಲಿಟ್ಟೂ ನೋಡಿದೆ. ಹಿಟ್ಟು ಮೈಕ್ ರಂಧ್ರಕ್ಕೆ ಕಟ್ಟಿಕೊಂಡದ್ದೇ ಲಾಭ. ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿ ಸಾಕು. ನೂರು ರೂಪಾಯಿಯ ಆಸುಪಾಸಿನ ಖರ್ಚು. ರೀಚಾರ್ಜ್ ಮಾದರಿ ಚೆನ್ನಾಗಿದೆ, ಆದರೆ ಮಳೆಗಾಲದ ಆಟಿ ತಿಂಗಳಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ತೋಟದ ಮನೆಗಳಿಗೆ ನಾನು ಈಗಲೂ 312 ಸೆಲ್‌ನದನ್ನೇ (ಗಾಳಿ ತಾಗಿ ಕೆಲಸ ಮಾಡುವ ಗುಂಡಿಯಂಥ ಬ್ಯಾಟರಿ) ಕೊಡುತ್ತೇನೆ. ಸೆಲ್ಲಿಗೆ ಅಂಟಿಸಿದ ಪಟ್ಟಿ ಕಿತ್ತ ಮೇಲೆ ಐದು ನಿಮಿಷ ಗಾಳಿಗಿಟ್ಟು ಹಾಕಲು ಹೇಳಿ.