ಕಬ್ಬಿನ ಬಿಲ್ ಹಣದಿಂದ ಮಗಳ ಜೀವನಾಂಶ: ನನ್ನ ಅನುಭವ

ಕೋರ್ಟ್ ಆದೇಶ ಆದರೂ ಮಗಳ ಜೀವನಾಂಶ ಮೊದಮೊದಲು ಬಂತು, ಆಮೇಲೆ ನಿಂತೇ ಹೋಯಿತು. ಮಗಳ ಅಪ್ಪನನ್ನು ಕೇಳಿದರೆ, "ಮಳಿ ಇಲ್ಲ, ಬೆಳಿ ಇಲ್ಲ, ಎಲ್ಲಿಂದ ಕೊಡ್ಲಿ?" ಮುಧೋಳದ ಕಡೆ ಘಟಪ್ರಭಾ ನೀರಿನ ಹೊಲ ಇಟ್ಟುಕೊಂಡು ಮಳೆ ಇಲ್ಲ ಅನ್ನೋದು!

ಎಲ್ಲರೂ ಹೇಳಿದ್ದು ಒಂದೇ, ವಾರಂಟ್ ಹಾಕಿಸು ಅಂತ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಮಿನಲ್ಲಿ ಅದಕ್ಕೆ ದಾರಿಯಿದೆ. ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಒಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ನಿಜ. ಆದರೆ ಒಳಗೆ ಕೂತವನಿಂದ ಶಾಲೆ ಫೀ ಬರುತ್ತದೆಯೇ?

ನನಗೆ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಕ್ಕಿದ್ದರು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಈ ಸೌಲಭ್ಯ ಉಂಟು. ಆ ಮೇಡಂ ಕೇಳಿದ್ದು ಬೇರೆಯೇ: "ತಂಗಿ, ಅವನ ಕೈಗೆ ರೊಕ್ಕ ಯಾರ ಕಡೆಯಿಂದ ಬರ್ತದ? ಅದನ್ನ ಹೇಳು ಮೊದಲ."

ಸಕ್ಕರೆ ಕಾರ್ಖಾನೆಯಿಂದ. ಮತ್ತೆಲ್ಲಿಂದ?

ನನ್ನ ಆದೇಶ ಆಗಿದ್ದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ದೂರು ಕೊಟ್ಟು ಶುರುವಾದ ಕೇಸು. ಆ ಕಾಯ್ದೆಯ 20(6)ನೇ ಕಲಮು ಬಹಳ ಜನರಿಗೆ ಗೊತ್ತೇ ಇಲ್ಲ. ಹಣ ಕೊಡಬೇಕಾದವನು ಕೊಡದಿದ್ದರೆ, ಅವನ ಸಂಬಳ ಕೊಡುವವರಿಗೆ ಅಥವಾ ಅವನಿಗೆ ಬಾಕಿ ಕೊಡಬೇಕಾದವರಿಗೆ ಮ್ಯಾಜಿಸ್ಟ್ರೇಟರು ನೇರವಾಗಿ ಆದೇಶ ಮಾಡಬಹುದು. ಇಷ್ಟು ಹಣ ಈಕೆಗೆ ಕೊಡಿ, ಇಲ್ಲವೇ ಕೋರ್ಟಿಗೆ ಕಟ್ಟಿ ಅಂತ. ಕಬ್ಬು ತೂಗಿಸಿಕೊಂಡ ಕಾರ್ಖಾನೆ ರೈತನಿಗೆ ಬಾಕಿದಾರನೇ ಅಲ್ವಾ?

ಆತ ಕೋರ್ಟಿಗೆ ಕೊಟ್ಟ ಆಸ್ತಿ-ಆದಾಯದ ಅಫಿಡವಿಟ್‌ನಲ್ಲಿ ಕಬ್ಬಿನ ಸುದ್ದಿಯೇ ಇರಲಿಲ್ಲ. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಇತ್ತು. ಸರ್ವೆ ನಂಬರ್ ಗೊತ್ತಿದ್ದರೆ ಉತಾರ ಯಾರು ಬೇಕಾದರೂ ತೆಗೆಸಬಹುದು. ಬೆಳೆ ಕಾಲಂ ನೋಡಿ. ಯಾವ ಕಾರ್ಖಾನೆಗೆ ಹೋಗುತ್ತದೆ ಅಂತ ಊರಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರಿಗೇ ಗೊತ್ತಿರುತ್ತದೆ. ಇವೆರಡರ ಜೊತೆಗೆ ತಿಂಗಳವಾರು ಬಾಕಿ ಲೆಕ್ಕ ಮತ್ತು ನನ್ನ ಪಾಸ್‌ಬುಕ್ ನಕಲು ಇಟ್ಟೆವು.

ಅರ್ಜಿ ಹಾಕುವ ಹೊತ್ತು ಮುಖ್ಯ. ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕು ಎಂಬ ನಿಯಮವಿದೆ. ತಡವಾಗುವುದೇ ಜಾಸ್ತಿ, ಅದು ಬೇರೆ ಮಾತು. ಆದರೆ ಬಿಲ್ ಒಮ್ಮೆ ಅವನ ಖಾತೆಗೆ ಬಿದ್ದರೆ ಸಂಜೆಗೆ ಖಾಲಿ. ಅದಕ್ಕೇ ಕಾರ್ಖಾನೆ ಕಬ್ಬು ನುರಿಸಲು ಶುರು ಮಾಡುವ ಮೊದಲೇ ಅರ್ಜಿ ಹಾಕಿ, ಆದೇಶದ ಪ್ರತಿಯನ್ನು ಕಾರ್ಖಾನೆ ಕಚೇರಿಗೆ ನಾನೇ ಒಯ್ದು ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡೆ.

ಆಮೇಲೆ ಹಿರಿಯರು ಮನೆಗೆ ಬಂದರು. "ಅರ್ಧಕ್ಕ ಮುಗಿಸ್ಕೋ, ಮಾನ ಹೋಗ್ತದ" ಅಂದರು. ಚಹಾ ಕೊಟ್ಟು ಕಳಿಸಿದೆ. ಬಾಕಿ ಕೋರ್ಟಿಗೆ ಬಂತು.

ಈ ಸಲ ಕಬ್ಬನ್ನು ತಮ್ಮನ ಹೆಸರಲ್ಲಿ ಕಳಿಸುತ್ತಾನಂತೆ. ಹೊಲ ಇನ್ನೂ ಆತನ ಹೆಸರಲ್ಲೇ ಇದೆ. ಹೊಸ ಉತಾರ ತೆಗೆಸಿ ಮೇಡಂಗೆ ಕೊಟ್ಟಿದ್ದೇನೆ.