ಕನ್ನಡ ಫಾಂಟ್ ಕುಟುಂಬ: ದಪ್ಪ, ತೆಳು ತೂಕಗಳಿಂದ ಆರಂಭಿಸುವ ಕ್ರಮ

ಫಾಂಟ್ ಕುಟುಂಬವನ್ನು (ಒಂದೇ ವಿನ್ಯಾಸದ ತೆಳು-ದಪ್ಪ ರೂಪಗಳ ಗುಂಪನ್ನು) ರೂಪಿಸಹೊರಟವರು ಸಾಮಾನ್ಯವಾಗಿ ರೆಗ್ಯುಲರ್ ತೂಕವನ್ನು, ಎಂದರೆ ಸಾಮಾನ್ಯ ದಪ್ಪದ ರೂಪವನ್ನು, ಪೂರ್ತಿ ಬರೆದು ಮುಗಿಸಿ, ಬಳಿಕ ಅದರ ಗೆರೆಗಳನ್ನು ದಪ್ಪಗೊಳಿಸಿ ಬೋಲ್ಡ್ ಮಾಡಲು ತೊಡಗುತ್ತಾರೆ. ಈ ಕ್ರಮದಲ್ಲಿ ತೊಡಕುಗಳು ತಡವಾಗಿ ಬಯಲಾಗುತ್ತವೆ. ರೆಗ್ಯುಲರ್‌ನಲ್ಲಿ ನಿರಾಳವಾಗಿದ್ದ ‘ಘ’, ‘ಞ’, ‘ಕ್ಷ’ಗಳ ಒಳಜಾಗ ಬೋಲ್ಡ್‌ನಲ್ಲಿ ಮುಚ್ಚಿಹೋದಾಗ ಇಡೀ ಕುಟುಂಬದ ಅಗಲವನ್ನೇ ಬದಲಿಸಬೇಕಾಗುತ್ತದೆ. ಆದ್ದರಿಂದ ಅತಿ ದಪ್ಪ ಮತ್ತು ಅತಿ ತೆಳು ತೂಕಗಳೆರಡನ್ನೂ ಹತ್ತಾರು ಅಕ್ಷರಗಳಲ್ಲಿ ಮೊದಲೇ ಬರೆದು ನೋಡುವುದು ಒಳ್ಳೆಯದು. ದುಂಡಿಗೆ ‘ರ’, ತಲೆಕಟ್ಟಿಗೆ ‘ನ’, ಇಕ್ಕಟ್ಟಿಗೆ ‘ಘ’, ಆಳಕ್ಕೆ ‘ಸ್ತ್ರೀ’ ಇದ್ದರೆ ಮುಖ್ಯ ಪ್ರಶ್ನೆಗಳೆಲ್ಲ ಎದುರಾಗುತ್ತವೆ.

ಹೆಚ್ಚು ಶ್ರಮ ಬೇಡುವುದು ಒತ್ತಕ್ಷರಗಳು. ಗೆರೆಯ ದಪ್ಪ 80 ಯೂನಿಟ್ (ಫಾಂಟ್ ವಿನ್ಯಾಸದ ಅಳತೆಮಾನ) ಇರುವ ‘ಗ’ವನ್ನು ಶೇ. 60ಕ್ಕೆ ಕುಗ್ಗಿಸಿ ಒತ್ತು ಮಾಡಿದರೆ ಅದರ ಗೆರೆ 48ಕ್ಕೆ ಇಳಿದು, ಸಾಲಿನ ಕೆಳಗೆ ಮಸುಕಾಗಿ ಕಾಣುತ್ತದೆ. ಒತ್ತುಗಳನ್ನು ಹೊಸದಾಗಿಯೇ ಬರೆಯಬೇಕು: ಮೂಲ ಅಕ್ಷರಕ್ಕಿಂತ ಗೆರೆ ತುಸು ತೆಳು, ಆಕಾರ ತುಸು ಅಗಲ.

ಎರಡು ತುದಿಗಳು ಸಿದ್ಧವಾದ ಮೇಲೆ ನಡುವಿನ ತೂಕಗಳನ್ನು ತಂತ್ರಾಂಶವೇ ಕಟ್ಟಿಕೊಡುತ್ತದೆ. ಅದಕ್ಕಾಗಿ ಎರಡೂ ಕಡೆಯ ಅಕ್ಷರಗಳ ಹೊರರೇಖೆಯನ್ನು ರೂಪಿಸುವ ಬಿಂದುಗಳ ಸಂಖ್ಯೆ, ಅನುಕ್ರಮ ಮತ್ತು ಆರಂಭಸ್ಥಾನ ಒಂದೇ ಆಗಿರಬೇಕು. ತೆಳುವಿನ ಗೆರೆ 40, ದಪ್ಪದ್ದು 160 ಎಂದಾದರೆ ನಡುವಿನದಕ್ಕೆ ಸರಾಸರಿ 100 ಸಾಕೆನಿಸಬಹುದು. ಕಣ್ಣಿಗೆ ಮಾತ್ರ ಅದು ದಪ್ಪದ ಪಕ್ಷಕ್ಕೆ ಸೇರಿದಂತೆ ಕಾಣುತ್ತದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರುವ 80 ಹೆಚ್ಚು ಸಮವೆನಿಸುತ್ತದೆ. ರೆಗ್ಯುಲರ್‌ಗೆ 400, ಬೋಲ್ಡ್‌ಗೆ 700 ಎಂಬ ತೂಕಸಂಖ್ಯೆಗಳನ್ನು (ಇವು ಗೆರೆಯ ದಪ್ಪವಲ್ಲ, ತಂತ್ರಾಂಶಗಳು ತೂಕವನ್ನು ಗುರುತಿಸುವ ಸಂಖ್ಯೆಗಳು) ತಪ್ಪದೆ ನಮೂದಿಸಿ. ಇಟಾಲಿಕ್ ಕನ್ನಡ ಲಿಪಿಯ ಪರಂಪರೆಯಲ್ಲಿಲ್ಲ. ಅಕ್ಷರಗಳನ್ನು ಸುಮ್ಮನೆ ವಾಲಿಸುವುದಕ್ಕಿಂತ, ಪದವನ್ನು ಎತ್ತಿ ತೋರಿಸಲು ಇನ್ನೊಂದು ತೂಕವನ್ನು ಸೇರಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಸಾಲಿನ ಎತ್ತರ ಮತ್ತು ಆಳದ ಅಳತೆಗಳು ಎಲ್ಲ ತೂಕಗಳಲ್ಲಿಯೂ ಒಂದೇ ಆಗಿರಬೇಕು, ಇಲ್ಲವಾದರೆ ಒಂದು ಪದವನ್ನು ಬೋಲ್ಡ್ ಮಾಡಿದೊಡನೆ ಇಡೀ ಸಾಲು ಜರುಗಬಹುದು. ಅತಿ ದಪ್ಪ ತೂಕದ ಅತಿ ಆಳದ ಒತ್ತನ್ನು ಅಳೆದು, ಆ ಅಳತೆಯನ್ನೇ ಎಲ್ಲಕ್ಕೂ ನೀಡಿ.

ಅಕ್ಷರಗಳ ನಡುವಿನ ಅಂತರ ಸರಿಹೋಗುವ ತನಕ ಕರ್ನಿಂಗ್ (ಆಯ್ದ ಅಕ್ಷರಜೋಡಿಗಳ ಅಂತರದ ತಿದ್ದುಪಡಿ) ಮುಟ್ಟಬೇಡಿ. ಒತ್ತುಗಳು ಬಲಕ್ಕೆ ಚಾಚಿಕೊಳ್ಳುವುದರಿಂದ ‘ಶಾಸ್ತ್ರಜ್ಞ’, ‘ಹತ್ತಕ್ಕೆ’ಯಂತಹ ಪದಗಳಲ್ಲಿ ಅಕ್ಕಪಕ್ಕದ ಒತ್ತುಗಳು ಡಿಕ್ಕಿಯಾಗುತ್ತವೆ, ಅಲ್ಲಿ ಅಕ್ಷರಗಳನ್ನು ದೂರ ತಳ್ಳುವ ಬದಲು ಒತ್ತಿನ ಕಿರಿದಾದ ಪರ್ಯಾಯ ರೂಪವೊಂದನ್ನು ಓಪನ್‌ಟೈಪ್ ನಿಯಮದ (ಫಾಂಟಿನೊಳಗೆ ಬರೆಯುವ, ಅಕ್ಷರರೂಪ ಬದಲಿಸುವ ಸೂಚನೆಯ) ಮೂಲಕ ತರಬಹುದು.

ಕೊನೆಗೆ ‘ಸೂರ್ಯ’ದಲ್ಲಿ ಅರ್ಕಾವೊತ್ತೂ ‘ರ‍್ಯಾಂಕ್’ನಲ್ಲಿ ‘ರ’ಕಾರಕ್ಕೆ ಯ-ಒತ್ತೂ ಸರಿಯಾಗಿ ಮೂಡುತ್ತವೆಯೇ ಎಂದು ಪರೀಕ್ಷಿಸಿ. ಬ್ರೌಸರ್, ಫೋನ್ ಮತ್ತು ಪುಟವಿನ್ಯಾಸದ ತಂತ್ರಾಂಶಗಳು ಅಕ್ಷರ-ಒತ್ತುಗಳನ್ನು ಜೋಡಿಸಿ ತೋರಿಸುವ ಬೇರೆಬೇರೆ ಶೇಪಿಂಗ್ ಎಂಜಿನ್‌ಗಳನ್ನು ಬಳಸಬಹುದಾದ್ದರಿಂದ, ಪ್ರತಿಯೊಂದು ತೂಕವನ್ನೂ ಇವೆಲ್ಲದರಲ್ಲಿ ಪ್ರತ್ಯೇಕವಾಗಿ ನೋಡಬೇಕು.