429 ಕೋಟಿಯ ಸಂಖ್ಯೆಯೊಂದನ್ನು ಪೆನ್ನು ಹಾಳೆಯಲ್ಲಿ ಒಡೆದೆ

4294967297. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಇದು ಸಿಗುತ್ತದೆ. ಕ್ಯಾಲ್ಕುಲೇಟರ್ ಮುಟ್ಟದೆ ಇದನ್ನು ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬೇಕು ಅಂತ ನನಗೆ ತುಂಬಾ ಆಸೆ ಇತ್ತು.

2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ, ಅಂದರೆ 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಪೂರ್ತಿ ಭಾಗ ಹೋಗದವು. ಈ ಸಾಲಿನಲ್ಲಿ ಮುಂದೆ ಬರುವವೂ ಹಾಗೇ ಇರಬೇಕು ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಆರನೆಯದನ್ನೇ ಒಡೆದು ತೋರಿಸಿದರು.

ಸುಮ್ನೆ ಭಾಗಿಸುತ್ತಾ ಹೋದರೆ ಏನಾಗುತ್ತದೆ? ಇದರ ವರ್ಗಮೂಲ 65536ರ ಹತ್ತಿರ. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಹಾಗಾಗಿ ಯಾವುವು ಭಾಗಿಸಲು ಸಾಧ್ಯವೇ ಇಲ್ಲ ಅಂತ ಮೊದಲು ನೋಡಿದೆ.

ಒಂದು ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ ಅದರಿಂದ ಭಾಗಿಸಿದರೆ 2ರ 32ನೇ ಘಾತದ ಶೇಷ −1, ಅಂದರೆ ಪೂರ್ತಿ ಭಾಗ ಹೋಗಲು 1 ಕಡಿಮೆ. ವರ್ಗ ಮಾಡಿದರೆ 64ನೇ ಘಾತಕ್ಕೆ ಶೇಷ 1. ಅದಕ್ಕಿಂತ ಮೊದಲು ಎಲ್ಲೂ 1 ಬರುವುದಿಲ್ಲ. ಫರ್ಮಾ ಅವರ ಕಿರು ಪ್ರಮೇಯದ ಪ್ರಕಾರ, ಆ ಅವಿಭಾಜ್ಯದಲ್ಲಿ 1 ಕಳೆದರೆ ಉಳಿಯುವ ಘಾತಕ್ಕೂ ಶೇಷ 1 ಬರಲೇಬೇಕು. ಹಾಗಾಗಿ ಆ ಉಳಿದದ್ದು 64ರ ಗುಣಕ. ಫರ್ಮಾ ಅವರ ಊಹೆ ಬಿದ್ದದ್ದು ಅವರದೇ ಪ್ರಮೇಯದಿಂದ! ಮುಂದೆ 1878ರಲ್ಲಿ ಗಣಿತಜ್ಞ ಲ್ಯೂಕಾ ಈ 64ನ್ನು 128ಕ್ಕೆ ಏರಿಸಿದರು. ಹುಡುಕಾಟ ಅರ್ಧಕ್ಕೆ ಇಳಿಯಿತು.

ಇನ್ನು 128ರ ಗುಣಕಗಳಿಗೆ 1 ಕೂಡಿಸುತ್ತಾ ಹೋದರೆ ಸಾಕು. 129ಕ್ಕೆ 3 ಹೋಗುತ್ತದೆ, 385ಕ್ಕೆ 5, 513ಕ್ಕೆ ಮತ್ತೆ 3. ಮೂರನ್ನೂ ಬಿಟ್ಟೆ. 257 ಅವಿಭಾಜ್ಯವೇ, ಆದರೆ ಅದರಲ್ಲಿ 2ರ 8ನೇ ಘಾತದ ಶೇಷ −1. ಹಾಗಾಗಿ 16ನೇ ಘಾತಕ್ಕೆ 1, 32ನೇ ಘಾತಕ್ಕೂ 1. ನಮ್ಮ ಸಂಖ್ಯೆಗೆ ಶೇಷ 2 ಉಳಿಯುತ್ತದೆ. ಅದೂ ಹೋಯಿತು.

ಮುಂದಿನದು 641. ದೊಡ್ಡ ಭಾಗಾಕಾರದ ಬದಲು ವರ್ಗ ಮಾಡುತ್ತಾ ಹೋದೆ. 2ರ 8ನೇ ಘಾತ 256. ಅದರ ವರ್ಗ 65536, 641ರಿಂದ ಭಾಗಿಸಿದರೆ ಶೇಷ 154. 154ರ ವರ್ಗ 23716. 641ನ್ನು 37ರಿಂದ ಗುಣಿಸಿದರೆ 23717. ಒಂದೇ ಒಂದು ಕಡಿಮೆ! ಅಂದರೆ 2ರ 32ನೇ ಘಾತದ ಶೇಷ −1, 1 ಕೂಡಿಸಿದರೆ ಪೂರ್ತಿ ಹೋಗುತ್ತದೆ. ಇದನ್ನು ಬರೆಯುವಾಗ ಆದ ಖುಷಿ ಇವತ್ತಿಗೂ ಹಾಗೇ ಇದೆ.

ಭಾಗಿಸಿದರೆ ಬರುವುದು 6700417. ಇದು ಇನ್ನೂ ಒಡೆಯುತ್ತದಾ? ಇದರ ವರ್ಗಮೂಲ 2589ಕ್ಕಿಂತ ಕಡಿಮೆ. ಅಷ್ಟರೊಳಗೆ 128ರ ನಿಯಮಕ್ಕೆ ಹೊಂದುವ ಅವಿಭಾಜ್ಯಗಳು, 257 ಬಿಟ್ಟರೆ, ನಾಲ್ಕೇ: 641, 769, 1153, 1409. ಶೇಷಗಳು ಕ್ರಮವಾಗಿ 44, 120, 334, 622. ಯಾವುದೂ ಸೊನ್ನೆ ಅಲ್ಲ. ಅಲ್ಲಿಗೆ 67 ಲಕ್ಷ ದಾಟಿದ ಈ ಸಂಖ್ಯೆ ಅವಿಭಾಜ್ಯ ಅಂತ ನಾಲ್ಕೇ ಭಾಗಾಕಾರದಲ್ಲಿ ಖಾತ್ರಿಯಾಯಿತು.

ಸಾಲಿನ ಮುಂದಿನ ಸಂಖ್ಯೆ 18446744073709551617. ಅದಕ್ಕೂ ಇದೇ ದಾರಿ, 128ರ ಬದಲು 256. ಆದರೆ ಮೊದಲ ಅಪವರ್ತನ 274177 ಸಿಗುವುದು 256ರ 1071ನೇ ಗುಣಕದಲ್ಲಿ. 1880ರಲ್ಲಿ ಗಣಿತಜ್ಞ ಲಾಂಡ್ರಿ ಅದನ್ನು ಒಡೆದರು.